ನಡೆಯದೇ ಹೋದ ಪಂದ್ಯಕ್ಕೆ ಯಾವ ಕ್ರಿಯಾರೂಪ? ಗೆಲ್ಲುತ್ತಿದ್ದ, ಗೆದ್ದಾನು, ಗೆಲ್ಲುತ್ತಾನೆ

ಎಲ್ಲರಿಗೂ ನಮಸ್ಕಾರ.

ಬೇರೆ ಬೇರೆ ಕಾಲದ ಬಾಕ್ಸಿಂಗ್ ಚಾಂಪಿಯನ್ನರನ್ನು ಎದುರುಬದುರು ನಿಲ್ಲಿಸಿ ಯಾರು ಗೆಲ್ತಾರೆ ಅಂತ ವಾದ ಮಾಡೋ ಚಟ ಇದೆಯಲ್ಲ, ಅದರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಆಟದ ಪದಗಳು ಅಷ್ಟು ಕಾಡಲಿಲ್ಲ. ರಿಂಗ್, ಪಂಚ್, ನಾಕೌಟ್ ಎಲ್ಲರಿಗೂ ಗೊತ್ತು. ಅವನ್ನು ಕನ್ನಡಿಸಲು ಹೋಗಿ ಓದುಗರನ್ನು ಯಾಕೆ ಗೋಳು ಹೊಯ್ದುಕೊಳ್ಳಬೇಕು? ನಾನು ತಡವರಿಸುತ್ತಿರುವುದು ವಾಕ್ಯದ ಕೊನೆಯಲ್ಲಿ. ನಡೆಯದ, ಇನ್ನು ನಡೆಯಲೂ ಆಗದ ಪಂದ್ಯದ ಫಲಿತಾಂಶವನ್ನು ಯಾವ ಕ್ರಿಯಾರೂಪದಲ್ಲಿ ಹೇಳಬೇಕು?

ಉದಾಹರಣೆಗೆ ರಾಕಿ ಮಾರ್ಸಿಯಾನೊ ಮತ್ತು ಮುಹಮ್ಮದ್ ಅಲಿಯ ಪಂದ್ಯವನ್ನೇ ತಗೊಳ್ಳಿ. ಮಾರ್ಸಿಯಾನೊ ಆಡಿದ 49 ಪಂದ್ಯವನ್ನೂ ಗೆದ್ದು 1956ರಲ್ಲಿ ನಿವೃತ್ತನಾದ. ಸೇನೆಗೆ ಸೇರಲ್ಲ ಎಂದಿದ್ದಕ್ಕೆ 1967ರಲ್ಲಿ ಅಲಿಯ ಪಟ್ಟ ಕಿತ್ತುಕೊಂಡರು. ಅದೇ ವರ್ಷ ಮಯಾಮಿಯ ಮರ್ರಿ ವೊರೋನರ್ ಎಂಬಾತ ಹಳಬರು ಹೊಸಬರ ವಿವರವನ್ನೆಲ್ಲ ಕಂಪ್ಯೂಟರಿಗೆ ಉಣಿಸಿ ರೇಡಿಯೋದಲ್ಲಿ ಒಂದು ಟೂರ್ನಿಯನ್ನೇ ನಡೆಸಿದ. ಅದರಲ್ಲಿ ಅಲಿ ಹಳೇ ಕಾಲದ ಚಾಂಪಿಯನ್ ಜೇಮ್ಸ್ ಜೆಫ್ರೀಸ್ ಕೈಲಿ ಸೋತ! ಅಲಿ ಸಿಟ್ಟಿಗೆದ್ದು ಕೇಸು ಹಾಕಿದ. ರಾಜಿಯಾಗಿ, ಕೊನೆಗೆ ಅದು ಸಿನಿಮಾಕ್ಕೆ ಬಂದು ನಿಂತಿತು. 1969ರಲ್ಲಿ ಅಲಿ, ಮಾರ್ಸಿಯಾನೊ ಇಬ್ಬರೂ ಕ್ಯಾಮೆರಾ ಮುಂದೆ ಒಂದೊಂದು ನಿಮಿಷದ ಸುತ್ತುಗಳನ್ನು ಆಡಿದರು. ಮಾರ್ಸಿಯಾನೊ ಮೈ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದಿದ್ದ. ಹಲವು ಬಗೆಯ ಕೊನೆಗಳನ್ನು ಚಿತ್ರಿಸಿದರು. ಅದು ಥಿಯೇಟರಿಗೆ ಬಂದದ್ದು 1970ರ ಜನವರಿಯಲ್ಲಿ. ಅಷ್ಟರಲ್ಲಿ ಮಾರ್ಸಿಯಾನೊ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಅಮೆರಿಕದವರು ನೋಡಿದ ಕೊನೆಯಲ್ಲಿ ಅವನು ಹದಿಮೂರನೇ ಸುತ್ತಿನಲ್ಲಿ ಅಲಿಯನ್ನು ಕೆಡವುತ್ತಾನೆ. ಯುರೋಪಿಗೆ ಕಳಿಸಿದ್ದರಲ್ಲಿ ಗೆದ್ದವನು ಅಲಿ.

ಸಿನಿಮಾದ ಕಥೆ ಹೇಳುವಾಗ 'ಕೆಡವುತ್ತಾನೆ' ಸಲೀಸು. ಆದರೆ ನನ್ನ ಅಂದಾಜು ಹೇಳುವಾಗ?

'ಮಾರ್ಸಿಯಾನೊ ಹದಿಮೂರನೇ ಸುತ್ತಿನಲ್ಲಿ ಕೆಡವುತ್ತಿದ್ದ' ಅಂತ ಬರೆದು ನೋಡಿದೆ. ಇದು ರೂಢಿ ಹೇಳಿದ ಹಾಗೆ ಕೇಳುತ್ತೆ, ಅಲ್ವಾ? ತಮಾಷೆ ಅಂದರೆ 1952ರಲ್ಲಿ ಅವನು ಜೆರ್ಸಿ ಜೋ ವಾಲ್ಕಾಟ್‌ನನ್ನು ಕೆಡವಿ ಪಟ್ಟ ಗೆದ್ದದ್ದೂ ಹದಿಮೂರನೇ ಸುತ್ತಿನಲ್ಲೇ. ಗೊತ್ತಿದ್ದವರು ಇದನ್ನೇ ಅವನ ಅಭ್ಯಾಸ ಅಂದುಕೊಳ್ಳುತ್ತಾರೆ. 'ಆಡಿದ್ದರೆ ಕೆಡವುತ್ತಿದ್ದ' ಅಂದರೆ ಗೊಂದಲ ಇಲ್ಲ, ನಿಜ. ಆದರೆ ಪುಟಕ್ಕೆ ಇಪ್ಪತ್ತು 'ಇದ್ದರೆ' ಬಂದರೆ ಓದುವವರಿಗೆ ಉಸಿರು ಕಟ್ಟುತ್ತದೆ.

'ಗೆದ್ದಾನು' ನನಗೆ ತುಂಬ ಇಷ್ಟ. ಸ್ಕೂಲಿನಲ್ಲಿ ಸಂಭಾವನಾರ್ಥಕ ಅಂತ ಓದಿದ್ದು ಇದೇ. ಅನುಮಾನ ಅದರೊಳಗೇ ಇದೆ, 'ಬಹುಶಃ' ಅಂತ ಪ್ರತ್ಯೇಕ ಸೇರಿಸಬೇಕಿಲ್ಲ. 'ಗೆದ್ದರೂ ಗೆದ್ದಾನು' ಅಂದರಂತೂ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡದ್ದೂ ಬಂದುಬಿಡುತ್ತೆ. ಆದರೆ ಎರಡು ತೊಡಕಿದೆ. ಒಂದು, ಇದು ಮುಂದಾಗುವುದಕ್ಕೆ ಹೇಳುವ ಮಾತು. 'ಹುಷಾರು, ಬಿದ್ದೀಯ' ಅನ್ನುತ್ತೇವೆ. ಇಬ್ಬರೂ ಸತ್ತಿರುವಾಗ ಮುಂದಾಗುವುದು ಎಲ್ಲಿಂದ ಬಂತು? ಎರಡನೆಯದು ಧಾರವಾಡದ ಕಡೆಯ ಕಿವಿ. ಅಲ್ಲಿ 'ಬಂದಾನ' ಅಂದರೆ ಬಂದಿದ್ದಾನೆ, 'ಗೆದ್ದಾನ' ಅಂದರೆ ಗೆದ್ದಿದ್ದಾನೆ. ನಾನು ಅನುಮಾನದಲ್ಲಿ ಬರೆದ 'ಗೆದ್ದಾನು' ಅವರಿಗೆ ಗೆದ್ದು ಮುಗಿದ ಸುದ್ದಿಯ ಹಾಗೆ ಕೇಳಿದರೆ ಲೇಖನದ ಕಥೆ ಮುಗಿಯಿತು.

ಇನ್ನು ಅಭಿಮಾನಿಗಳ ಬಾಯಲ್ಲಿ ಇರುವುದು 'ಗೆಲ್ತಾನೆ'. 'ಎಂಬತ್ತೆಂಟರ ಟೈಸನ್ ಎದುರು ಯಾರೂ ನಿಲ್ಲಲ್ಲ ಗುರು!' ಆ ವರ್ಷ, ಅಂದರೆ 1988ರಲ್ಲಿ, ಟೈಸನ್ ಮೈಕೆಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮಲಗಿಸಿದ್ದ. ಹೆಸರಿನ ಹಿಂದೆ ಇಸವಿ ಹಾಕಿಬಿಟ್ಟರೆ ಸಾಕು, 'ಕಸುವು ತುಂಬಿದ್ದ ಕಾಲದಲ್ಲಿ' ಅಂತ ಬೇರೆ ಹೇಳಬೇಕಿಲ್ಲ. ನನ್ನ ಒಲವು ಈಗ ಈ ಕಡೆಗೇ ಇದೆ: ಪ್ಯಾರಾದ ಶುರುವಿನಲ್ಲಿ ಒಮ್ಮೆ ಷರತ್ತು ಹೇಳುವುದು, ಆಮೇಲೆ 'ಗೆಲ್ಲುತ್ತಾನೆ' ಅಂತಲೇ ಸಾಗುವುದು, ತೀರಾ ಅನುಮಾನ ಇದ್ದಲ್ಲಿ ಮಾತ್ರ 'ಗೆದ್ದಾನು'.

ಷರತ್ತನ್ನು ಮಾತ್ರ ಬಿಡುವ ಹಾಗಿಲ್ಲ, ಇಡೀ ವಾದ ನಿಂತಿರುವುದೇ ಅದರ ಮೇಲೆ. 1919ರಲ್ಲಿ ಜ್ಯಾಕ್ ಡೆಂಪ್ಸಿ, ಬಿದ್ದ ಜೆಸ್ ವಿಲರ್ಡ್‌ನ ಪಕ್ಕದಲ್ಲೇ ನಿಂತು, ಅವನು ಎದ್ದ ತಕ್ಷಣ ಗುದ್ದಬಹುದಿತ್ತು. ಈಗ ದೂರದ ಮೂಲೆಗೆ ಹೋಗಿ ನಿಲ್ಲಬೇಕು. ಪಟ್ಟದ ಪಂದ್ಯ ಬಹಳ ಕಾಲ 15 ಸುತ್ತು ನಡೆಯುತ್ತಿತ್ತು. 1982ರಲ್ಲಿ ರೇ ಮ್ಯಾನ್ಸಿನಿ ಜೊತೆ ಆಡಿದ ಕೊರಿಯಾದ ಕಿಮ್ ಡುಕ್-ಕೂ ಆ ಪಂದ್ಯದ ಪೆಟ್ಟಿನಿಂದ ಸತ್ತ ಮೇಲೆ ಅದು ಮೆಲ್ಲಗೆ 12ಕ್ಕೆ ಇಳಿಯಿತು. ಯಾರ ಕಾಲದ ನಿಯಮ ಅಂತ ಹೇಳದೆ 'ಗೆಲ್ಲುತ್ತಾನೆ' ಅಂದರೆ ಸುಮ್ನೆ ಬಾಯಿಬಡಾಯಿ.

ಜೊತೆಗೆ ಚಿಕ್ಕಪುಟ್ಟ ಎರಡು ಮೂರು ಮಾತು.

ಹೀಗೆ ಇಬ್ಬರನ್ನು ಎದುರು ನಿಲ್ಲಿಸುವುದಕ್ಕೆ ಮೈಸೂರು ದಸರಾ ಕುಸ್ತಿಯವರ 'ಜೋಡಿ ಕಟ್ಟುವುದು' ಬಳಸಿದ್ದೇನೆ. ಇದಕ್ಕೆ ಯಾರದ್ದೂ ತಕರಾರು ಇರಲಿಕ್ಕಿಲ್ಲ.

ಬಾಕ್ಸಿಂಗಿನ 'ರೀಚ್' ಎಷ್ಟು ಅಂತ ಹೇಳಲು ಎರಡೂ ಕೈ ಚಾಚಿಸಿ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಅಳೆಯುತ್ತಾರೆ. ಹೂವಾಡಗಿತ್ತಿಯ 'ಮಾರು' ಅಂದರೆ ಅದೇ ತಾನೇ? ಅಲಿಯದು 78 ಇಂಚು, ಮಾರ್ಸಿಯಾನೊನದು ಸುಮಾರು 68. 'ಅಲಿಯ ಮಾರು ಹತ್ತು ಇಂಚು ಜಾಸ್ತಿ' ಅಂದರೆ ನಿಮಗೆ ಒಗ್ಗುತ್ತದೆಯೇ, ಅಥವಾ ಮಲ್ಲಿಗೆ ನೆನಪಾಗಿ ನಗು ಬರುತ್ತದೆಯೇ?

'ಪೌಂಡ್ ಫಾರ್ ಪೌಂಡ್' (ತೂಕ ಎಷ್ಟೇ ಇರಲಿ, ಆಟದಲ್ಲಿ ಎಲ್ಲರಿಗಿಂತ ಮೇಲು ಅನ್ನುವ ಬಿರುದು) ಮಾತ್ರ ಬಗ್ಗುತ್ತಿಲ್ಲ. 'ತೂಕಕ್ಕೆ ತೂಕ' ಅಂದರೆ ತುಲಾಭಾರದ ತಕ್ಕಡಿ ಕಣ್ಣಿಗೆ ಬರುತ್ತದೆ. 'ತೂಕದ ಲೆಕ್ಕ ಬದಿಗಿಟ್ಟರೆ' ಅಂತ ಇಟ್ಟುಕೊಂಡಿದ್ದೇನೆ. ಈ ಬಿರುದು ಹೆಚ್ಚಾಗಿ ಅಂಟಿಕೊಂಡಿದ್ದು ಶುಗರ್ ರೇ ರಾಬಿನ್ಸನ್‌ಗೆ. ಅವನು 1952ರ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ತನಗಿಂತ ತೂಕದ ಜೋಯಿ ಮ್ಯಾಕ್ಸಿಮ್ ಎದುರು ನಿಜವಾಗಿಯೂ ಲೆಕ್ಕ ಬದಿಗಿಟ್ಟು ನೋಡಿದ. ಅಂಕದಲ್ಲಿ ಮುಂದೆ ಇದ್ದ. ಅವತ್ತಿನ ಸೆಖೆಗೆ ರೆಫರಿಯೇ ಸೋತು ಮಧ್ಯದಲ್ಲಿ ಬದಲಾದರು. ಹದಿನಾಲ್ಕನೇ ಸುತ್ತಿಗೆ ರಾಬಿನ್ಸನ್ ಕೂತಲ್ಲಿಂದ ಏಳಲಿಲ್ಲ.

ಏಕವಚನದ ಬಗ್ಗೆ ಬೈಯಬೇಡಿ. ಪತ್ರಿಕೆಯಲ್ಲಿ 'ಅಲಿ ಗೆದ್ದರು' ಅಂತಲೇ ಬರುತ್ತೆ, ಗೊತ್ತು. ಆದರೆ 'ಅವರು ಇವರನ್ನು ಕೆಡವಿಯಾರು' ಅಂದರೆ ಗುದ್ದಾಟದ ಬಿಸಿಯೇ ಇಳಿದುಹೋಗುತ್ತದೆ.

ನನಗೆ ಮುಖ್ಯವಾಗಿ ಬೇಕಿರುವುದು ಇಷ್ಟು: ನಿಮ್ಮ ಕಡೆಯ ಆಡುಮಾತಿನಲ್ಲಿ 'ಗೆದ್ದಾನು', 'ಬಂದಾನು' ಇನ್ನೂ ಇದೆಯೇ? ಇದ್ದರೆ, ಆಗಿಹೋದ ಕಾಲದ ಊಹೆಗೂ ಅದನ್ನು ಹೇಳುತ್ತೀರಾ? ಕುಂದಾಪುರ, ಹವ್ಯಕ, ಧಾರವಾಡ, ಕಲಬುರಗಿ ಕಡೆಯವರು ಒಂದೊಂದು ವಾಕ್ಯ ಆಡಿದ ಹಾಗೇ ಬರೆದು ಕಳಿಸಿದರೆ ದೊಡ್ಡ ಉಪಕಾರ.