ಅಪ್‌ಡೇಟ್: ಟೆನಿಸ್ ಕ್ಯಾಸೆಟ್‌ಗೆ ಜೀವ ಬಂತು!

ಹೋದ ವಾರ ಕೇಳಿದ್ದೆನಲ್ಲ, ಕುವೆಂಪುನಗರದ ಅಮ್ಮನ ಮನೆ ಅಟ್ಟದಲ್ಲಿ ಹಳೇ ವಿಡಿಯೋ ಗೇಮ್ ಸಿಕ್ಕಿದೆ, ಟೆನಿಸ್ ಕ್ಯಾಸೆಟ್ ಹಾಕಿದರೆ ಬರೀ ಬೂದು ಪರದೆ ಬರುತ್ತಿದೆ ಅಂತ. ಈಗ ಸರಿ ಹೋಯಿತು.

ಕ್ಯಾಸೆಟ್ ಒಳಗೆ ಬಾಯಿಂದ ಊದಬೇಡಿ ಅಂದವರೇ ಗೆದ್ದಿರಿ. ಬಾಯಿ ತೇವಕ್ಕೆ ಕ್ಯಾಸೆಟ್ ತುದಿಯ ಪಿನ್‌ಗಳು (ಗೇಮ್‌ಗೆ ತಾಗುವ ಲೋಹದ ಪಟ್ಟಿಗಳು) ಇನ್ನಷ್ಟು ಹಾಳಾಗುತ್ತವಂತೆ. ಚಿಕ್ಕವರಿದ್ದಾಗ ಊದಿದ್ದೇ ಊದಿದ್ದು! ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಕಿವಿಗೆ ಹಾಕುವ ಹತ್ತಿ ಕಡ್ಡಿಯಲ್ಲಿ 60 ಪಿನ್ನೂ ಉಜ್ಜಿದೆ. ಹತ್ತಿ ಪೂರ್ತಿ ಕಪ್ಪಾಯಿತು. ಒಣಗಿಸಿ ಹಾಕಿದೆ, ಮೂರನೇ ಸಲಕ್ಕೆ ಬಂತು. ಟಿವಿಗೆ ಹಳದಿ ಎವಿ ಕೇಬಲ್ ಸಾಕಾಯಿತು.

ಇದು ಜಪಾನಿನ ಗೇಮ್ ಕಂಪನಿ ನಿಂಟೆಂಡೊದ 1984ರ 'ಟೆನಿಸ್'. ಅಂಪೈರ್ ಕುರ್ಚಿ ಮೇಲೆ ಕೂತಿರುವ ಮೀಸೆಯವನು ಅದೇ ಕಂಪನಿಯ ಫೇಮಸ್ ಗೇಮ್ ಹೀರೋ ಮಾರಿಯೋ ಅಂತ ನನಗೆ ಗೊತ್ತಾಗಿದ್ದೇ ಈಗ! ಒಂದು ಬಟನ್‌ಗೆ ಮಾಮೂಲಿ ಹೊಡೆತ, ಇನ್ನೊಂದಕ್ಕೆ ಲಾಬ್, ಅಂದರೆ ಚೆಂಡನ್ನು ಎತ್ತರಕ್ಕೆ ಎತ್ತಿ ಹೊಡೆಯುವುದು. ಕಷ್ಟದ ಹಂತ ಐದು. ನಾನು ಎರಡನೇದಕ್ಕೇ ಸುಸ್ತು.

ಇನ್ನೊಂದು ತಮಾಷೆ. ಇದರಲ್ಲಿ ಇಬ್ಬರು ಎದುರುಬದುರು ಆಡುವುದಕ್ಕೆ ಆಗುವುದೇ ಇಲ್ಲ. ಡಬಲ್ಸ್‌ನಲ್ಲಿ ಇಬ್ಬರೂ ಒಂದೇ ಕಡೆ, ಎದುರಿಗೆ ಕಂಪ್ಯೂಟರ್. ಹಾಗಾದರೆ "ನಿನ್ನನ್ನ ಟೆನಿಸ್‌ನಲ್ಲಿ ದಿನಾ ಸೋಲಿಸ್ತಿದ್ದೆ ಕಣೇ" ಅಂತ ನಮ್ಮಣ್ಣ ಇಷ್ಟು ವರ್ಷ ಕೊಚ್ಚಿಕೊಂಡಿದ್ದು ಸುಳ್ಳು ಅಲ್ವಾ? ಫೋನ್ ಮಾಡಿ ಕೇಳಿದೆ. "ಅದು ಬೇರೆ ಕ್ಯಾಸೆಟ್ ಇರಬೇಕು" ಅಂದ.

ಭಾನುವಾರ ಮಂಡ್ಯದಿಂದ ಬರುತ್ತಾನಂತೆ. ಎರಡನೇ ಕಂಟ್ರೋಲರ್‌ನ ವೈರ್ ಮಾತ್ರ ಇಲಿ ಕಡಿದಿದೆ. ಬೆಸುಗೆ ಹಾಕಿಸಬೇಕು.