ಟೇಬಲ್ ಸಾ ಬಗ್ಗೆ ಕೇಳಿ: ಹಲಗೆ ಹಿಂದಕ್ಕೆ ಹಾರುವುದೇಕೆ? (ಪ್ರಶ್ನೋತ್ತರ)

ಪ್ರಶ್ನೆ, ಸಾಗರದಿಂದ: ಮನೆಯ ಹಿಂದೆ ಸಣ್ಣ ಮರಗೆಲಸದ ಶೆಡ್ ಹಾಕಿ 10 ಇಂಚಿನ ಟೇಬಲ್ ಸಾ (ಮೇಜಿನ ಸೀಳಿನಿಂದ ಮೇಲೆ ಚಾಚಿದ ದುಂಡು ಬ್ಲೇಡಿನ ವಿದ್ಯುತ್ ಗರಗಸ) ತಂದಿದ್ದೇನೆ. ಅಕೇಶಿಯಾ ಹಲಗೆಯನ್ನು ಉದ್ದಕ್ಕೆ ಸೀಳುತ್ತಿದ್ದೆ. ಮುಕ್ಕಾಲು ಪಾಲು ಮುಗಿದಾಗ ಮೋಟಾರು ನರಳಿದಂತೆ ಸದ್ದು ಮಾಡಿತು. ಮರುಕ್ಷಣವೇ ಹಲಗೆ ಹಿಂದಕ್ಕೆ ಹಾರಿ ತಗಡಿನ ಗೋಡೆಗೆ ಬಡಿಯಿತು. ನಾನು ಪಕ್ಕಕ್ಕೆ ನಿಂತಿದ್ದರಿಂದ ಉಳಿದುಕೊಂಡೆ. ಬ್ಲೇಡ್ ಮೊಂಡಾಗಿದೆಯೇ?

ಉತ್ತರ: ಬ್ಲೇಡ್ ಮೊಂಡಾಗಿದ್ದರೂ ಇರಬಹುದು, ಆದರೆ ನೀವು ಹೇಳಿದ ಲಕ್ಷಣ ಬೇರೆಯದನ್ನೇ ತೋರಿಸುತ್ತಿದೆ. ಯಂತ್ರಕ್ಕೆ ರೈವಿಂಗ್ ನೈಫ್ ಹಾಕಿದ್ದೀರಾ? ಬ್ಲೇಡ್‌ನ ಹಿಂದೆ ಅದರ ಬಾಗಿಗೆ ಹೊಂದಿಕೊಂಡು ನಿಲ್ಲುವ ಉಕ್ಕಿನ ತಗಡು ಅದು. ಡಬ್ಬದಲ್ಲಿ ಬಂದದ್ದನ್ನು ಅಡ್ಡವಾಗುತ್ತದೆಂದು ಮೂಲೆಗೆ ಎಸೆದವರನ್ನು ನಾನು ಬಹಳ ನೋಡಿದ್ದೇನೆ.

ಬ್ಲೇಡ್‌ನ ಮುಂದಿನ ಹಲ್ಲುಗಳು ಮೇಲಿನಿಂದ ಇಳಿಯುತ್ತಾ ಮರವನ್ನು ಮೇಜಿಗೆ ಒತ್ತಿ ಕೊಯ್ಯುತ್ತವೆ. ಹಿಂದಿನ ಹಲ್ಲುಗಳು ಮೇಜಿನ ಕೆಳಗಿನಿಂದ ಮೇಲಕ್ಕೇಳುತ್ತವೆ. ಅವುಗಳಿಗೆ ಮರ ತಗುಲಿದರೆ ಹಲಗೆ ಮೇಲೆದ್ದು ನಿಮ್ಮತ್ತಲೇ ಬರುತ್ತದೆ. ನಿಮಿಷಕ್ಕೆ 4,800 ಸುತ್ತು ತಿರುಗುವ 10 ಇಂಚಿನ ಬ್ಲೇಡ್‌ನ ಅಂಚಿನ ವೇಗ ಗಂಟೆಗೆ ಸುಮಾರು 230 ಕಿಲೋಮೀಟರ್. ಕಂಡು, ಯೋಚಿಸಿ, ಕೈ ಹಿಂದಕ್ಕೆ ಎಳೆಯಲು ಸಮಯವೇ ಇರುವುದಿಲ್ಲ. ಇನ್ನೊಂದು ಅಪಾಯವೂ ಇದೆ: ಹಲಗೆ ಹಾರಿಹೋದ ಕ್ಷಣದಲ್ಲಿ ಅದನ್ನು ದೂಡುತ್ತಿದ್ದ ಕೈಗೆ ಆಧಾರ ತಪ್ಪಿ, ಅದು ನೇರವಾಗಿ ಬ್ಲೇಡ್ ಕಡೆಗೆ ಜಾರಬಹುದು.

ಅಕೇಶಿಯಾ, ನೀಲಗಿರಿಯಂಥ ಮರಗಳು ಬೆಳೆಯುವಾಗಲೇ ಒಳಗೆ ಬಿಗಿತ ತುಂಬಿಕೊಂಡಿರುತ್ತವೆ. ಸೀಳುತ್ತಾ ಹೋದಂತೆ ಆ ಬಿಗಿತ ಬಿಚ್ಚಿಕೊಂಡು, ಸೀಳಿದ ಎರಡು ಭಾಗಗಳು ಒಂದರಿಂದೊಂದು ದೂರ ಸರಿಯುತ್ತವೆ ಅಥವಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಕೂಡಿಕೊಂಡರೆ ಬ್ಲೇಡ್‌ನ ಹಿಂಭಾಗವನ್ನು ಕಚ್ಚಿ ಹಿಡಿಯುತ್ತವೆ. ನೀವು ಕೇಳಿದ ಆ ನರಳಾಟ ಅದರದ್ದೇ ಇರಬೇಕು. ರೈವಿಂಗ್ ನೈಫ್ ಇದ್ದರೆ ಸೀಳು ಮುಚ್ಚಿಕೊಳ್ಳುವುದಿಲ್ಲ, ಹಿಂದಿನ ಹಲ್ಲಿಗೆ ಮರ ತಗುಲುವುದೂ ಕಷ್ಟ.

ನೈಫಿನ ದಪ್ಪ ಬ್ಲೇಡ್‌ನ ತಗಡಿಗಿಂತ ಹೆಚ್ಚಿರಬೇಕು, ಹಲ್ಲು ಮಾಡುವ ಸೀಳಿಗಿಂತ ಕಡಿಮೆ ಇರಬೇಕು. ತಗಡು 1.8 ಮಿಲಿಮೀಟರ್, ಸೀಳು 2.8 ಇದ್ದರೆ 2.2ರಿಂದ 2.5 ಸರಿಹೋಗುತ್ತದೆ. ಹಲ್ಲಿಗೂ ಅದಕ್ಕೂ ನಡುವೆ 3ರಿಂದ 8 ಮಿಲಿಮೀಟರ್ ಅಂತರ ಸಾಕು. ತೆಳು ಬ್ಲೇಡ್ ಕೊಂಡು ಹಳೆಯ ದಪ್ಪ ನೈಫನ್ನೇ ಉಳಿಸಿಕೊಂಡರೆ ಮರ ಮುಂದಕ್ಕೆ ಹೋಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆ ಸಿಟ್ಟಿನಲ್ಲಿ ಜನ ನೈಫನ್ನೇ ಕಿತ್ತು ಹಾಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಬ್ಲೇಡ್‌ಗೆ ಹೊಂದುವ ನೈಫ್ ತರಿಸಿ.

ಬಳಿಕ ಫೆನ್ಸ್ ನೋಡಿ, ಅಂದರೆ ಹಲಗೆಯ ಅಂಚನ್ನು ಒತ್ತಿಕೊಂಡು ಮುಂದಕ್ಕೆ ದೂಡಲು ಮೇಜಿನ ಮೇಲಿರುವ ನೇರ ಆಸರೆ ಪಟ್ಟಿ. ಪ್ಲಗ್ ಕಿತ್ತು, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ. ಅದೇ ಹಲ್ಲನ್ನು ಮುಂದೆ ತಂದು ಫೆನ್ಸ್‌ವರೆಗೆ ಅಳೆಯಿರಿ, ಕೈಯಿಂದ ತಿರುಗಿಸಿ ಹಿಂದೆ ಒಯ್ದು ಮತ್ತೆ ಅಳೆಯಿರಿ. ಎರಡೂ ಸಮವಿರಬೇಕು. ಹಿಂದೆ ಕೂದಲೆಳೆಯಷ್ಟು ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆಯಿದ್ದರೆ ಫೆನ್ಸೇ ಮರವನ್ನು ಬ್ಲೇಡ್‌ಗೆ ಅದುಮುತ್ತದೆ. ಬಿಗಿತದ ಮರಕ್ಕೆ ಇನ್ನೊಂದು ಉಪಾಯವಿದೆ: ಫೆನ್ಸ್‌ಗೆ ನೇರವಾದ ಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿ, ಅದು ಬ್ಲೇಡ್‌ನ ಮಧ್ಯಕ್ಕೇ ಮುಗಿಯುವಂತೆ ಇಡಿ. ಅಲ್ಲಿಂದಾಚೆ ಮರ ಬಾಗಲು ಜಾಗ ಸಿಗುತ್ತದೆ. ಅಳತೆಯನ್ನು ಆ ಪಟ್ಟಿಯಿಂದಲೇ ಹಿಡಿಯಿರಿ.

ಒಂದು ಮೈ ಸಮತಟ್ಟು, ಒಂದು ಅಂಚು ನೇರ ಆಗುವವರೆಗೆ ಯಾವ ಹಲಗೆಯನ್ನೂ ಟೇಬಲ್ ಸಾ ಮೇಲೆ ಇಡಬೇಡಿ. ಪಕ್ಕಕ್ಕೆ ನಿಂತು ಸೀಳುವ ಅಭ್ಯಾಸವನ್ನು ಖಂಡಿತ ಬಿಡಬೇಡಿ.

ಪ್ರಶ್ನೆ, ಹುಬ್ಬಳ್ಳಿಯಿಂದ: ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಹಾಕಿ, ಪ್ಲೈವುಡ್ ಮೇಜಿನ ಅಡಿಗೆ ತಲೆಕೆಳಗಾಗಿ ಬಿಗಿದರೆ ಅಗ್ಗದಲ್ಲಿ ಟೇಬಲ್ ಸಾ ಆಗುತ್ತದಲ್ಲ?

ಉತ್ತರ: ಬೇಡ. ಇದರಲ್ಲಿ ರಾಜಿಗೆ ಜಾಗವೇ ಇಲ್ಲ. ಅದು ನಿಮಿಷಕ್ಕೆ 12,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ, ರೈವಿಂಗ್ ನೈಫ್ ಇಲ್ಲ, ಮೇಲೆ ಗಾರ್ಡ್ (ಬ್ಲೇಡ್ ಮುಚ್ಚುವ ರಕ್ಷಣಾ ಕವಚ) ಇಲ್ಲ, ಸ್ವಿಚ್ಚನ್ನು ಸದಾ ಆನ್ ಇರುವಂತೆ ಲಾಕ್ ಮಾಡಿರುತ್ತೀರಿ. ಮರ ಸಿಕ್ಕಿಕೊಂಡಾಗ ಮೇಜಿನಡಿಗೆ ಕೈ ಹಾಕಿ ಆಫ್ ಮಾಡುವುದು ಯಾವಾಗ? ಪ್ಲೈವುಡ್ ಕತ್ತರಿಸಬೇಕಿದ್ದರೆ ಹಾಳೆಯನ್ನು ನೆಲದ ಮೇಲೆ ರೀಪುಗಳ ಮೇಲಿಟ್ಟು, ನೇರ ಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿ, ಅದಕ್ಕೆ ಒತ್ತಿಕೊಂಡು ಮರಕ್ಕೆಂದೇ ಮಾಡಿದ, ಕೈಯಲ್ಲಿ ಹಿಡಿದು ಓಡಿಸುವ ವಿದ್ಯುತ್ ಗರಗಸವನ್ನು (ಸರ್ಕ್ಯುಲರ್ ಸಾ) ಓಡಿಸಿ. ಉದ್ದದ ಹಾಳೆಗೆ ಅದೇ ಸಲೀಸು.

ಪ್ರಶ್ನೆ: ಕೈಗವಸು ಹಾಕಬೇಕೇ?

ಉತ್ತರ: ಹಾಕಬಾರದು. ಬಟ್ಟೆಯ ತುದಿ ಹಲ್ಲಿಗೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಉಂಗುರ, ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಮಣಿಕಟ್ಟಿನ ಕಾಶಿದಾರಕ್ಕೂ ಇದೇ ಮಾತು. ಕಣ್ಣಿಗೆ ಕನ್ನಡಕ, ಕಿವಿಗೆ ಮಫ್, ಮೂಗಿಗೆ ಎನ್95 ಮಾಸ್ಕ್ ಇರಲಿ. ಮರದ ಧೂಳು ಕ್ಯಾನ್ಸರ್‌ಕಾರಕ ವಸ್ತುಗಳ ಪಟ್ಟಿಯಲ್ಲಿದೆ.

ಪ್ರತಿಕ್ರಿಯೆ, ತುಮಕೂರಿನಿಂದ: ನಮ್ಮ ಮೇಸ್ತ್ರಿ ಗಾರ್ಡ್ ಇಲ್ಲದೆಯೇ ಜೀವನವಿಡೀ ಕೆಲಸ ಮಾಡಿದವರು. ಹತ್ತೂ ಬೆರಳು ಸರಿಯಾಗಿವೆ. ಇದೆಲ್ಲ ಕೆಲಸ ನಿಧಾನ ಮಾಡುತ್ತದೆ.

ಉತ್ತರ: ನಿಮ್ಮ ಮೇಸ್ತ್ರಿಯ ಕೈಚಳಕದ ಮೇಲೆ ನನಗೆ ಗೌರವವಿದೆ. ಆದರೆ ಮರದೊಳಗಿನ ಬಿಗಿತ, ಹಳೆಯ ಮನೆಯ ತೊಲೆಯಲ್ಲಿ ಅಡಗಿದ ಮೊಳೆ ಯಾವ ಮೇಸ್ತ್ರಿಯ ಕಣ್ಣಿಗೂ ಕಾಣುವುದಿಲ್ಲ. ಅವರ ಕೈಕೆಳಗೆ ಕಲಿಯುವ ಹುಡುಗನಿಗೆ ಆ ಕೈಚಳಕವೂ ಇರುವುದಿಲ್ಲ. 1948ರ ಕಾರ್ಖಾನೆ ಕಾಯ್ದೆಯಡಿ ರಾಜ್ಯಗಳು ಮಾಡಿದ ನಿಯಮಗಳಲ್ಲೇ ಗಾರ್ಡ್, ರೈವಿಂಗ್ ನೈಫ್, ಪುಶ್ ಸ್ಟಿಕ್ (ಕೈ ಬದಲು ಮರವನ್ನು ದೂಡುವ ಸಾಧನ) ಮೂರನ್ನೂ ಹೇಳಲಾಗಿತ್ತು. ಇದು ನನ್ನ ಹೊಸ ಹಟವಲ್ಲ. ಫೆನ್ಸ್‌ಗೂ ಬ್ಲೇಡ್‌ಗೂ ನಡುವೆ ಆರು ಇಂಚಿಗಿಂತ ಕಡಿಮೆ ಜಾಗವಿದ್ದರೆ ಕೈ ಹೋಗಕೂಡದು, ಪುಶ್ ಸ್ಟಿಕ್ ಹೋಗಲಿ. ಬರಿಯ ಕಡ್ಡಿ ಜಾರುತ್ತದೆ. ಪ್ಲೈವುಡ್ ತುಂಡಿನಲ್ಲಿ ಹಿಡಿ ಕೊರೆದು, ಕೆಳಗೆ ಮರದ ಮೈಯನ್ನು ಅದುಮುವ ಉದ್ದ ತಳ, ಹಿಂದೆ ತಳ್ಳುವ ಸಣ್ಣ ಹಿಮ್ಮಡಿ ಬರುವಂತೆ ಮಾಡಿ. ಒಂದು ಹೊತ್ತಿನ ಕೆಲಸವೂ ಅಲ್ಲ.

ಪ್ರಶ್ನೆ: ಬೆರಳು ತುಂಡಾದರೆ ಏನು ಮಾಡಬೇಕು?

ಉತ್ತರ: ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಎತ್ತಿ ಇಡಿ. 108ಕ್ಕೆ ಕರೆ ಮಾಡಿ. ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಡಿ. ಐಸ್ ನೇರವಾಗಿ ತುಂಡಿಗೆ ತಾಗಬಾರದು. ನಿಮ್ಮ ಜಿಲ್ಲೆಯಲ್ಲಿ ಬೆರಳು ಮರುಜೋಡಿಸುವ ಶಸ್ತ್ರಚಿಕಿತ್ಸೆ ಎಲ್ಲಿದೆ ಎಂದು ಇವತ್ತೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ.

ಪ್ರಶ್ನೆ, ಮಂಡ್ಯದಿಂದ: ನಮ್ಮಲ್ಲಿ ಕರೆಂಟ್ ಹೋಗಿ ಬರುವುದು ನಿತ್ಯದ ಪಾಡು. ಪಂಪ್‌ಸೆಟ್‌ನ ಹಳೆಯ ಸ್ಟಾರ್ಟರ್ ಇದೆ, ಗರಗಸಕ್ಕೆ ಅದನ್ನೇ ಹಾಕಬಹುದೇ?

ಉತ್ತರ: ಒಳ್ಳೆಯ ಪ್ರಶ್ನೆ, ಇದನ್ನು ಕೇಳುವವರೇ ಕಡಿಮೆ. ಡಿಒಎಲ್ (ಮೋಟಾರಿಗೆ ನೇರವಾಗಿ ಕರೆಂಟ್ ಕೊಡುವ) ಸ್ಟಾರ್ಟರ್‌ನಲ್ಲಿ ಕರೆಂಟ್ ಹೋದೊಡನೆ ಕಾಯಿಲ್ ಬಿಟ್ಟುಕೊಂಡು ಸಂಪರ್ಕ ಕಡಿಯುತ್ತದೆ. ಮತ್ತೆ ಬಂದಾಗ ಹಸಿರು ಗುಂಡಿ ಒತ್ತದೆ ಮೋಟಾರು ತಿರುಗುವುದಿಲ್ಲ. ಗರಗಸಕ್ಕೆ ಬೇಕಾದದ್ದು ಇದೇ. ಆದರೆ ಪಂಪ್‌ಸೆಟ್‌ಗೆ ರಾತ್ರಿ ತ್ರೀ ಫೇಸ್ ಬಂದಾಗ ತಾನಾಗಿ ಚಾಲೂ ಆಗಲೆಂದು ಆಟೋ ಸ್ವಿಚ್ ಸೇರಿಸಿರುತ್ತಾರೆ. ಅದು ಇದ್ದರೆ, ನೀವು ಬ್ಲೇಡ್ ಬಳಿ ಸಿಕ್ಕಿಕೊಂಡ ಚೂರನ್ನು ತೆಗೆಯುವಾಗಲೇ ಗರಗಸ ಎದ್ದು ಕೂರಬಹುದು. ಎಲೆಕ್ಟ್ರಿಷಿಯನ್‌ರಿಂದ ಆ ಆಟೋ ತೆಗೆಸಿ, ಸ್ಟಾರ್ಟರ್‌ನ ಓವರ್‌ಲೋಡ್ ರಿಲೇ (ಕರೆಂಟ್ ಅತಿಯಾದರೆ ಮೋಟಾರು ನಿಲ್ಲಿಸುವ ಭಾಗ) ನಿಮ್ಮ ಮೋಟಾರಿನ ಆಂಪಿಯರ್‌ಗೆ ಹೊಂದುವುದೇ ಎಂದು ನೋಡಿಸಿ. ಜೊತೆಗೆ ಮೊಣಕಾಲಿಗೆ ಎಟಕುವ ಎತ್ತರದಲ್ಲಿ ದೊಡ್ಡ ಕೆಂಪು ಸ್ಟಾಪ್ ಗುಂಡಿ ಹಾಕಿಸಿ. ಎರಡೂ ಕೈ ಮರದ ಮೇಲಿದ್ದಾಗ ನಿಲ್ಲಿಸಲು ಅದೊಂದೇ ದಾರಿ. ಎಲ್ಲ ಮುಗಿದ ಮೇಲೆ ಬ್ಲೇಡ್ ಕಳಚಿ ಯಂತ್ರ ಚಾಲೂ ಮಾಡಿ. ಶಾಫ್ಟ್ ಸರಿಯಾದ ದಿಕ್ಕಿನಲ್ಲಿ ತಿರುಗುತ್ತಿದೆಯೇ ನೋಡಿ, ಮೇನ್ ಆರಿಸಿ, ಮತ್ತೆ ಹಾಕಿ. ಮೋಟಾರು ತಾನಾಗಿ ತಿರುಗಿದರೆ ಅದನ್ನು ಸರಿಪಡಿಸುವವರೆಗೆ ಬ್ಲೇಡ್ ಹಾಕಬೇಡಿ.