ನಾನೂರ ಹದಿನೇಳು

"ಅತ್ಯಂತ ನಮ್ರತೆಯಿಂದ ಹೇಳುತ್ತಿದ್ದೇನೆ" ಅಂತ ಸ್ಯಾಮ್ಯುವೆಲ್ ಮಾಸ್ತರರು ಫೋನ್ ನೋಡಿ ಗಟ್ಟಿಯಾಗಿ ಓದಿದರು. ಬೀದರಿನ ಚೌಬಾರದ ಹತ್ತಿರ ನಮ್ಮ ಮಾಮೂಲಿ ಚಾದಂಗಡಿ. ಮೆಸೇಜಿನ ಕೊನೆಯಲ್ಲಿ ಕೈ ಮುಗಿದ ಗುರುತು ಮೂರು. ನಡುವೆ ಎದುರಿನವನ ಬುದ್ಧಿ, ಓದು, ಓಟು ಮೂರನ್ನೂ ಒಗೆದು ಹಿಂಡಿ ಒಣಗಿ ಹಾಕಿತ್ತು.

"ಯಾರು ಬರೆದಿದ್ದು ಇದು? ನಿಮಗಾ?" ಎಂದೆ.

"ನಾನೇ ಬರೆದಿದ್ದು. ಹೈದರಾಬಾದಿನ ತಮ್ಮನಿಗೆ. ಇನ್ನೂ ಕಳಿಸಿಲ್ಲ, ನಿಮಗೆ ತೋರಿಸಿ ಕಳಿಸೋಣ ಅಂತ."

ಈ ನಮ್ರತೆಯ ಕಾಟ ಈಗ ಜಾಸ್ತಿ ಆಗಿದೆ. ಮೊದಲು ಜನ ನೇರವಾಗಿ ಬೈಯುತ್ತಿದ್ದರು. ಬೈಸಿಕೊಂಡವನೂ ತಿರುಗಿ ಬೈದು, ಸಂಜೆ ಅದೇ ಬೆಂಚಿನ ಮೇಲೆ ಮಿರ್ಚಿ ಭಜಿ ತಿನ್ನುತ್ತಿದ್ದ. ಈಗ ಕೈ ಮುಗಿದು ಬೈಯುತ್ತಾರೆ. ಕೈ ಮುಗಿದವರಿಗೆ ತಿರುಗಿ ಬೈಯೋದಾದರೂ ಹೇಗೆ?

"ಯೇಸು ಹನ್ನೆರಡು ಜನ ಶಿಷ್ಯರ ಕಾಲು ತೊಳೆದ ಅಲ್ವಾ ಮಾಸ್ತರೇ? ಹಿಡಿದುಕೊಡೋ ಯೂದನ ಕಾಲೂ ಅದರಲ್ಲಿತ್ತು. 'ಅತ್ಯಂತ ನಮ್ರತೆಯಿಂದ ಹೇಳ್ತೀನಿ, ನಿನ್ನ ಕಾಲು ಬಹಳ ಕೊಳೆ' ಅಂದನಾ? ಸುಮ್ನೆ ತೊಳೆದ, ಒರೆಸಿದ."

"ಅವನು ದೇವರು ರೀ. ನಾನು ರಿಟೈರ್ಡ್ ಮಾಸ್ತರ." ಜೇಬಿನಿಂದ ಡೈರಿ ತೆಗೆದರು. "ಆದರೂ ನನ್ನ ಕಡೆಯಿಂದ ತಪ್ಪಿಲ್ಲ. ನೋಡಿ."

ಪುಟದ ತುಂಬಾ ಗೀಟುಗಳು. ಐದೈದರ ಕಟ್ಟು, ಐದನೆಯದು ಅಡ್ಡ. ಶಾಲೆಯಲ್ಲಿ ಹಾಜರಿ ಎಣಿಸಿದ ಕೈ.

"ಏಳು ಸಾರಿ ಕ್ಷಮಿಸಿದರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದ. ಏಳೆಪ್ಪತ್ತು ಸಾರಿ ಅಂದ ಯೇಸು. ಅಂದರೆ 490. ತಮ್ಮನದು 417 ಆಗಿದೆ. ಇನ್ನು 73 ಬಾಕಿ."

"491ನೇದಕ್ಕೆ ಏನು ಮಾಡ್ತೀರಿ?"

"ಅದನ್ನೇ ಯೋಚಿಸ್ತಾ ಇದ್ದೀನಿ."

"ಲೆಕ್ಕ ಬಿಡು ಅಂತ ಅಷ್ಟು ದೊಡ್ಡ ಸಂಖ್ಯೆ ಹೇಳಿದ್ದು ಮಾಸ್ತರೇ. ನೀವು ಅದನ್ನೂ ಉಳಿದಿದ್ದೆಷ್ಟು ಅಂತ ಕಳೆಯೋ ಲೆಕ್ಕ ಮಾಡಿದಿರಿ."

ಕಟ್ಟಿಗೆ ಅಡ್ಡೆಯ ಬಸಣ್ಣ ಇಷ್ಟೊತ್ತು ಬಸಿಯಲ್ಲಿ ಚಾ ಆರಿಸುತ್ತಿದ್ದ. "ಮೊನ್ನೆ ಯೇಸುವಿನದೇ ಇನ್ನೊಂದು ಮಾತು ಹೇಳಿದ್ದರಲ್ಲ ಮಾಸ್ತರು? ಪಕ್ಕದವನ ಕಣ್ಣಿನ ರವೆ ಕಾಣುತ್ತೆ, ತನ್ನ ಕಣ್ಣಿನ ತೊಲೆ ಕಾಣಲ್ಲ ಅಂತ. ಯೇಸು ಬಡಿಗ ಅಲ್ವಾ, ಬಡಿಗನೇ ಆಡಬಹುದಾದ ಮಾತು ಬಿಡಿ. ನನಗೆ ಮಾತ್ರ ಒಂದು ಅರ್ಥ ಆಗಲ್ಲ. ತೊಲೆ ಈ ರೇಟಿನಲ್ಲಿ ಇರುವಾಗ ಇಷ್ಟು ಜನ ಕಣ್ಣಲ್ಲಿ ಇಟ್ಟುಕೊಂಡು ಓಡಾಡ್ತಾರೆ. ಒಬ್ಬರೂ ನನ್ನ ಅಡ್ಡೆಯಲ್ಲಿ ಖರೀದಿ ಮಾಡಿದ್ದಿಲ್ಲ!"

ಮಾತು ಅಲ್ಲಿಂದ ಸಾಗುವಾನಿಗೆ ಹೋಗಿ, ಸಾಗುವಾನಿಯಿಂದ ಬಸಣ್ಣನ ಮಗಳ ಮನೆಯ ಬಾಗಿಲಿಗೆ ಹೋಯಿತು. ವಾಪಸ್ ಕರೆತಂದವರು ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದ್ರಿ ಕೆಲಸದ ಮಹಬೂಬ್ ಕಾಕಾ. ಅವರ ಉಗುರಿನ ಸಂದಿಯ ಕಪ್ಪು ಹಬ್ಬದ ದಿನವೂ ಹೋಗುವುದಿಲ್ಲ.

"ಲೋಹಕ್ಕೆ ಕಪ್ಪು ಬರಿಸೋಕೆ ಕೋಟೆಯ ಮಣ್ಣು ತಂದರೆ ನಾವು ಮೊದಲು ಚೂರು ನಾಲಿಗೆ ಮೇಲೆ ಇಡ್ತೀವಿ. ರುಚಿ ಸರಿ ಇದ್ದರೆ ಮಾತ್ರ ನವಸಾಗರ ಹಾಕಿ ಕುದಿಸೋದು. ತಪ್ಪು ಮಣ್ಣಾದರೆ ತಿಂಗಳ ಕೆಲಸ ಹಾಳು. ಮಾಸ್ತರ್, ಈ ಮೆಸೇಜ್ ರುಚಿ ನೋಡಿದಿರಾ?"

ಮಾಸ್ತರರು ಉತ್ತರ ಕೊಡಲಿಲ್ಲ. ಡೈರಿಯ ಕೊನೆಯ ಗೀಟಿನ ಮೇಲೆ ಬೆರಳಿಟ್ಟುಕೊಂಡು ಕೂತರು.

"ಕೊನೆಯ ಗೀಟು ಯಾವಾಗಿನದು?" ಎಂದೆ.

"ಕ್ರಿಸ್ಮಸ್ ಮುಂಚಿನದು. ಓಟಿನ ವಿಷಯಕ್ಕೆ ಜಗಳ ಆಯ್ತು, ಗ್ರೂಪ್ ಬಿಟ್ಟುಹೋದ. ಆಮೇಲೆ ಒಂದು ತಪ್ಪೂ ಮಾಡಿಲ್ಲ. ಫೋನೇ ಮಾಡಿಲ್ಲ." ಸ್ವಲ್ಪ ತಡೆದು ಅಂದರು, "ಈ ಸಲ ಕೇಕ್ ಕೂಡ ಕಳಿಸಲಿಲ್ಲ ರೀ."

ಬಸಣ್ಣನೂ ಸುಮ್ಮನಾದ.

ಮಾಸ್ತರರು ಬರೆದಿದ್ದನ್ನೆಲ್ಲ ಅಳಿಸಿದರು. ಕೈ ಮುಗಿದ ಗುರುತುಗಳು ಒಂದೊಂದಾಗಿ ಹೋದವು. ಏನೋ ಒತ್ತಿ, ಫೋನನ್ನು ಕಾಕಾನ ಮುಂದೆ ಹಿಡಿದರು. "ನೋಡಿ, ರುಚಿ."

ಕಾಕಾ ಕನ್ನಡಕ ಏರಿಸಿ ಓದಿದರು. "ಊಟ ಆಯ್ತೇನೋ?"

"ಉಪ್ಪು ಸರಿ ಇದೆ. ಕಳಿಸಿ."

ಎರಡು ಟಿಕ್ ಬಿತ್ತು. ನಾಲ್ಕು ತಲೆ ಒಂದೇ ಫೋನಿನ ಮೇಲೆ ಬಾಗಿದವು. ನೀಲಿ ಆಗಲಿಲ್ಲ. ಇನ್ನೊಂದು ಸುತ್ತು ಚಾ ಹೇಳಿದೆ.